ಎರಡು ಡಯೋಡು, ಒಂದು ಹೋರಿ

“ಇನ್ನೂ ಕಡಕ್ ಬೇಕ್ರಿ ಮಾಸ್ತರ,” ಎಂದ ಫಕ್ಕೀರೇಶ. “ಇದು ಜೋಗುಳ ಇದ್ದಂಗ ಐತಿ. ಕೇಳಿದ್ರ ನಿದ್ದಿ ಬರ್ತೈತಿ.”

ಶರಣು ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ಶಿಗ್ಗಾಂವಿಯ ಆ ಬಾಡಿಗೆ ಕೋಣೆಯಲ್ಲಿ ಇಬ್ಬರು ಕುಳಿತರೆ ಮೂರನೆಯವರಿಗೆ ಜಾಗವಿರಲಿಲ್ಲ. ಗೋಡೆಗೆ ಒರಗಿಸಿದ ಆಂಪ್ಲಿಫೈಯರು, ಮೇಜಿನ ಮೇಲೆ ಇನ್ನೂ ಬಿಸಿಯಾಗಿದ್ದ ಸೋಲ್ಡರಿಂಗ್ ಕಡ್ಡಿ, ಅದರ ಪಕ್ಕದಲ್ಲಿ ಮುಚ್ಚಳ ಬಿಚ್ಚಿದ ಒಂದು ಪೆಡಲ್. ಶರಣು ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ. ಮದುವೆ ಸೀಸನ್ನಿನಲ್ಲಿ ರಸಮಂಜರಿ ತಂಡಗಳ ಜೊತೆ ಗಿಟಾರ್ ನುಡಿಸುತ್ತಿದ್ದ. ಉಳಿದ ಹೊತ್ತಿನಲ್ಲಿ, ಗಿಟಾರಿನ ಸಣ್ಣ ದನಿಯನ್ನು ಒರಟು ಮಾಡಿ ಹೊರಗೆ ಕಳಿಸುವ ಡಿಸ್ಟಾರ್ಷನ್ ಪೆಡಲುಗಳನ್ನು ತಾನೇ ಕಟ್ಟುತ್ತಿದ್ದ. ಕಾಲಲ್ಲಿ ತುಳಿಯುವ ಬೆಲ್ಲದಚ್ಚಿನಷ್ಟು ದೊಡ್ಡ ಕಬ್ಬಿಣದ ಡಬ್ಬಿ ಅದು.

ಫಕ್ಕೀರೇಶ ತಿಳವಳ್ಳಿಯವನು. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಆದರೆ ಊರಲ್ಲಿ ಅವನನ್ನು ಯಾರೂ ಅಂಗಡಿಯಿಂದ ಗುರುತಿಸುತ್ತಿರಲಿಲ್ಲ. ಅವನು ‘ಸಿಡಿಲು’ ಎಂಬ ಹೋರಿಯ ಅಭಿಮಾನಿ ಬಳಗದ ಅಧ್ಯಕ್ಷ.

ದೀಪಾವಳಿ ಕಳೆದರೆ ಆ ಸೀಮೆಯ ತಾಲ್ಲೂಕುಗಳಲ್ಲಿ ಹೋರಿ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಎರಡೂ ಬದಿಗೆ ಬೇಲಿ ಹಾಕಿದ ಉದ್ದನೆಯ ಓಣಿಯಲ್ಲಿ ಬಿಡುತ್ತಾರೆ. ಓಣಿಯೊಳಗೆ ಗಂಡಾಳುಗಳು ಕಾದಿರುತ್ತಾರೆ. ಯಾರಾದರೂ ಸರ ಹರಿದರೆ ಹೋರಿ ಸೋತಂತೆ. ಹರಿಯಗೊಡದೆ ಆ ತುದಿ ಮುಟ್ಟಿದರೆ ಗೆದ್ದಂತೆ. ಹೋರಿಗೊಂದು ಹೆಸರು, ಆ ಹೆಸರಿನ ಟೀಶರ್ಟು, ಬಾವುಟ, ಹಾಡು. ಹಾಡು ಮೊಳಗಿಸಲು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಆಳೆತ್ತರದ ಸೌಂಡ್ ಬಾಕ್ಸುಗಳು.

ಸಿಡಿಲು ಶರಣುವಿನ ಅಕ್ಕ ಭಾಗ್ಯಶ್ರೀಯ ಹೋರಿ. ಅವಳನ್ನು ತಿಳವಳ್ಳಿಗೆ ಕೊಟ್ಟಿತ್ತು. ಗಂಡ ಬಸ್ ಚಾಲಕ, ವಾರದಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಿದ್ದ. ಕರುವಾಗಿದ್ದಾಗಿನಿಂದ ಮೇವು, ನೀರು, ಕೆರೆಯಲ್ಲಿ ಈಜು ಎಲ್ಲವೂ ಅವಳದೇ. ಬೇರೆಯವರು ಮೈ ಮುಟ್ಟಿದರೆ ಅದು ಕೊಂಬು ತಗ್ಗಿಸುತ್ತಿತ್ತು.

ಹೋರಿಯನ್ನು ಓಡಿಸುವುದರಲ್ಲಿ ಅವಳ ರೀತಿಯೇ ಬೇರೆ. ಉಳಿದವರೆಲ್ಲ ಸದ್ದನ್ನು ಹೋರಿಯ ಬೆನ್ನ ಹಿಂದೆ ಇಡುತ್ತಿದ್ದರು. ಜಾಗಟೆ, ಪಟಾಕಿ, ಬಾಕ್ಸು ಎಲ್ಲ ಹಿಂದಿನಿಂದ. ಹೋರಿ ಬೆದರಿ ಮುಂದಕ್ಕೆ ಹಾರಬೇಕು. ಭಾಗ್ಯಶ್ರೀ ಸದ್ದನ್ನು ಮುಂದೆ ಇಟ್ಟಳು. ಹೊಲದ ಈ ತುದಿಯಲ್ಲಿ ಹೋರಿಯನ್ನು ಬಿಚ್ಚಿ, ಆ ತುದಿಯಲ್ಲಿ ನೆನೆಸಿದ ಹುರುಳಿಯ ಬಕೆಟ್ ಇಡಿಸಿ, ಬಕೆಟ್ಟಿನ ಪಕ್ಕದಲ್ಲಿ ತಮ್ಮ ನುಡಿಸಿದ ಒಂದು ಸಣ್ಣ ಧಾಟಿಯನ್ನು ಸ್ಪೀಕರಿನಲ್ಲಿ ಹಾಕಿಸುವಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೋರಿಗೆ ಆ ಸದ್ದೆಂದರೆ ಹುರುಳಿ ಎಂದಾಯಿತು. ನಡುವೆ ಯಾರಿದ್ದಾರೆ ಎಂದು ನೋಡದೆ ಅದರ ಕಡೆಗೆ ನೇರ ಓಡುವುದು. ಮೊದಲೆರಡು ಅಖಾಡಗಳಲ್ಲಿ ಯಾರಿಗೂ ಅದರ ಕೊರಳಿಗೆ ಕೈ ಹಾಕಲಾಗಲಿಲ್ಲ.

ಈಗ ಹಿರೇಕೆರೂರಿನ ಅಖಾಡ ಬಂದಿತ್ತು. ಬಳಗಕ್ಕೆ ಸದ್ದು ಸಾಲದಾಗಿತ್ತು.

“ಬಾಕಿ ಹೋರಿಗಳು ಬಂದ್ರ ಎದಿ ನಡಗ್ತೈತ್ರಿ. ನಮ್ಮದು ಬಂದ್ರ ಜನ ನಗ್ತಾರ. ‘ಬಂತಲೇ ಹಾಲಿನ ಗಾಡಿ’ ಅಂತಾರ.”

“ಅದು ಹೋರಿಗಿ ಬಾರ್ಸೂದಲೇ. ಜನಕ್ಕಲ್ಲ.”

“ಹೋರಿ ಟೀಶರ್ಟ್ ಹಾಕ್ಕೊಳ್ಳೂದಿಲ್ರಿ. ಹಾಕ್ಕೊಳ್ಳೂದು ಜನಾನ.”

ಶರಣು ನಕ್ಕ. ಪೆಡಲನ್ನು ಬೆಳಕಿಗೆ ಹಿಡಿದು ಒಳಗಿನ ಎರಡು ಡಯೋಡುಗಳನ್ನು ತೋರಿಸಿದ. ಅಕ್ಕಿಕಾಳಿಗಿಂತ ತುಸು ದೊಡ್ಡವು. “ನಿಮ್ಮನ್ಯಾಗ ಸೇರಿಲೆ ಜ್ವಾಳ ಅಳೀತಾರಲ್ಲ? ಸೇರಿನ ಮ್ಯಾಲ ರಾಶಿ ಏಳತೈತಿ. ಆ ರಾಶೀನ ಅಂಗೈಲೆ ಮೆತ್ತಗ ಸವರಿದ್ರ ತಲಿ ಗುಂಡಗ ಆಗತೈತಿ. ಈ ಡಯೋಡು ಈಗ ಮಾಡಾಕತ್ತಿದ್ದು ಅದನ್ನ. ಸದ್ದು ಮ್ಯಾಲೇರಿದಾಗ ತಲಿ ಸವರತೈತಿ. ಸಾಫ್ಟ್ ಕ್ಲಿಪ್ಪಿಂಗ್ ಅಂತಾರ.”

“ಮತ್ತ ಕಡಕ್ ಅಂದ್ರ?”

“ಕೋಲು ತಗೊಂಡು ಸೇರಿನ ಬಾಯಿಗೆ ಎಳದ್ರ ರಾಶಿ ಹಾರಿ ಹೋಗಿ ಮ್ಯಾಲ ಚಪ್ಪಟಿ. ಅದು ಹಾರ್ಡ್ ಕ್ಲಿಪ್ಪಿಂಗ್. ಇವೇ ಡಯೋಡುಗಳನ್ನ ಇಲ್ಲಿಂದ ಕಿತ್ತು ಮುಂದ, ಸದ್ದು ಹೊರಗ ಹೋಗೂ ದಾರ್‍ಯಾಗ ಹಚ್ಚಬೇಕು. ಅಷ್ಟ. ಎಲ್ಲಿ ಕತ್ತರಿಸಿತೋ ಅಲ್ಲಿ ಮೂಲಿ ಹರಿತ ಆಗತೈತಿ. ಆ ಮೂಲಿಯಿಂದಾನ ಚುರುಕು ಸ್ವರ ಹುಟ್ಟತಾವ. ಕಿವಿಗಿ ಚುಚ್ಚತಾವ.”

“ಚುಚ್ಚಲಿ ಬಿಡ್ರಿ,” ಎಂದ ಫಕ್ಕೀರೇಶ. “ಅದನ್ನ ಹಚ್ರಿ.”

ಶರಣುವಿಗೂ ಒಳಗೊಳಗೆ ಆಸೆಯಿತ್ತು. ಊರೂರಿನ ಅಖಾಡಗಳಲ್ಲಿ ಕೀಬೋರ್ಡಿನ ಹಾಡುಗಳೇ ತುಂಬಿದ್ದಾಗ, ಟ್ರೇಲರಿನ ಮೇಲೆ ನಿಂತು ಗಿಟಾರ್ ನುಡಿಸುವವನು ಅವನೊಬ್ಬನೇ. ಧಾಟಿ ಬದಲಾಗುವುದಿಲ್ಲವಲ್ಲ, ಸ್ವರಗಳು ಅವೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಹಳೆಯದನ್ನು ಕೆಡಿಸದೆ ಡಬ್ಬಿಯ ಬದಿಗೆ ಒಂದು ಸಣ್ಣ ಸ್ವಿಚ್ಚು ಕೂರಿಸಿದ. ಮೇಲೆತ್ತಿದರೆ ಸವರುವ ಸದ್ದು, ಕೆಳಗೊತ್ತಿದರೆ ಕತ್ತರಿಸುವ ಸದ್ದು.

ಭಾನುವಾರ ಬೆಳಿಗ್ಗೆ ಗಿಟಾರು, ಪೆಡಲು, ಸಣ್ಣ ಆಂಪ್ಲಿಫೈಯರು ಹೊತ್ತುಕೊಂಡು ಹಾನಗಲ್ಲಿನ ಮೇಲೆ ತಿಳವಳ್ಳಿಗೆ ಹೋದ. ಗೋವಿನಜೋಳದ ರಾಶಿ ಮುಗಿದು ಅಂಗಳದಲ್ಲಿ ದಂಟು ಒಟ್ಟಿತ್ತು. ಅಕ್ಕನ ಅತ್ತೆ ವೀರವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಬಾರಪಾ ಶರಣಪ್ಪ. ನಿನ್ನ ಅಳಿಯಗ ಹಾಡು ಹೇಳಾಕ ಬಂದ್ಯಾ?” ಎಂದಳು. ಹೋರಿಯನ್ನು ಅವಳು ಹಾಗೆಯೇ ಕರೆಯುತ್ತಿದ್ದಳು.

ಕೊಟ್ಟಿಗೆ ಮನೆಯ ಬದಿಗಿತ್ತು. ಮೂರು ಕಡೆ ಕಲ್ಲಿನ ಗೋಡೆ, ಮುಂದೆ ಮರದ ಅಡ್ಡಪಟ್ಟಿಗಳ ಬಾಗಿಲು. ಒಳಗೆ ಗೋಡೆಗೆ ಹತ್ತಿ ಮೇವಿನ ಗೋದಲಿ. ಸಿಡಿಲು ಬಿಳಿ ಮೈಯ ಖಿಲಾರಿ ತಳಿಯ ಹೋರಿ. ಭುಜ, ಕೊರಳು ಮಾತ್ರ ಹೊಗೆ ಹಿಡಿದಂತೆ ಕಪ್ಪು. ಭಾಗ್ಯಶ್ರೀ ಗೋಡೆಯ ಬದಿಗೆ ನಿಂತು, ಅದರ ಭುಜಕ್ಕೆ ಒರಗಿ ಗೋದಲಿಗೆ ಹುರುಳಿ ಸುರಿಯುತ್ತಿದ್ದಳು. ಮನೆಯಲ್ಲಿ ಅವಳಿಗದು ಸಿಡಿಲಲ್ಲ, ಗುಂಡ.

ಶರಣು ಸ್ವಿಚ್ಚು ಮೇಲಿಟ್ಟು ಧಾಟಿ ನುಡಿಸಿದ. ಹೋರಿ ತಲೆ ಎತ್ತಲಿಲ್ಲ. ಬಾಲ ಒಮ್ಮೆ ಬೀಸಿ, ಕಿವಿಗಳನ್ನು ಸದ್ದಿನ ಕಡೆ ತಿರುಗಿಸಿ, ತಿನ್ನುತ್ತಲೇ ಇತ್ತು.

ಅಷ್ಟರಲ್ಲಿ ಫಕ್ಕೀರೇಶನೂ ಬಂದ. ಕೈಯಲ್ಲಿ ಮೊಬೈಲು, ರೆಕಾರ್ಡಿಂಗ್ ಆಗಲೇ ಶುರು.

“ಈಗ ಕಡಕ್ ಹಾಕ್ರಿ ಮಾಸ್ತರ.”

ಶರಣು ಸ್ವಿಚ್ಚು ಕೆಳಗೊತ್ತಿದ. ಅದೇ ಧಾಟಿ, ಅದೇ ತಾಳ. ಸದ್ದು ಹೆಚ್ಚಾಗಿರಲಿಲ್ಲ, ಆದರೆ ತಗಡು ಸೀಳಿದ ಹಾಗೆ ಅದಕ್ಕೊಂದು ಅಂಚು ಬಂದಿತ್ತು.

ಹೋರಿಯ ದವಡೆ ನಿಂತಿತು. ಬಾಯಿಂದ ಹುರುಳಿ ಉದುರಿತು. ಕಿವಿಗಳು ಹಿಂದಕ್ಕೆ ಸರಿದು ತಲೆಗೆ ಅಂಟಿದವು. ಅದು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಆ ಪಕ್ಕದಲ್ಲಿ ಗೋಡೆ ಇತ್ತು. ಗೋಡೆಗೂ ಹೋರಿಗೂ ನಡುವೆ ಭಾಗ್ಯಶ್ರೀ ಇದ್ದಳು.

“ತಮ್ಮಾ,” ಎಂದಳು. ಕೂಗಲಿಲ್ಲ. “ಬಂದ್ ಮಾಡು.”

ಅವನು ತಂತಿಯಿಂದ ಕೈ ಎತ್ತಿದ. ಹೋರಿಯ ಪಕ್ಕೆಗೆ ಅಂಗೈ ಒತ್ತಿ ಏನೋ ಗುನುಗುತ್ತ ಅವಳು ನಿಧಾನಕ್ಕೆ ಈಚೆ ಬಂದಳು. ಸೀರೆಯ ಬೆನ್ನಿಗೆ ಗೋಡೆಯ ಸುಣ್ಣ ಹತ್ತಿತ್ತು.

“ಅದಕ್ಕ ಬ್ಯಾಡಾತು ಅದು.”

“ಧಾಟಿ ಅದ ಐತಲ್ಲಕ್ಕ.”

“ನಿನಗ ಧಾಟಿ. ಅದಕ್ಕೇನು ಗೊತ್ತು ಧಾಟಿ? ಅದಕ್ಕ ಸದ್ದು ಗೊತ್ತು. ನಾನು ನಿನ್ನ ‘ಶರಣ್ಯಾ’ ಅಂತ ಕರೀಲಿಕ್ಕೂ, ಹಂಚಿನ ಮ್ಯಾಲ ಸೌಟು ಕೆರೆದು ಕರೀಲಿಕ್ಕೂ ಫರಕ್ ಇಲ್ಲೇನು?”

“ಎಲ್ಡ ದಿನದಾಗ ಹೊಂದ್ಕೋತೈತಿ ಬಿಡ ಭಾಗ್ಯಕ್ಕ,” ಎಂದ ಫಕ್ಕೀರೇಶ, ಮೊಬೈಲಿನಲ್ಲಿ ಬೆರಳಾಡಿಸುತ್ತ. “ನಾವು ಬಳಗದವ್ರೆಲ್ಲ ಇದನ್ನ ರಿಂಗ್‌ಟೋನ್ ಇಟ್ಕೋತೇವಿ. ಊರು ತುಂಬ ಇದ ಕೇಳತೈತಿ. ರೂಢಿ ಆಗತೈತಿ.”

“ನನ್ನ ಅಂಗಳದಾಗ ಬರೂ ಮುಂದ ಆ ಫೋನು ಬಂದ್ ಮಾಡ್ಕೊಂಡು ಬಾ, ಅಧ್ಯಕ್ಷ.” ಅವಳು ತಮ್ಮನ ಕಡೆ ತಿರುಗಿದಳು. “ಹಿರೇಕೆರೂರಾಗ ಹೋರಿ ಬಿಚ್ಚಾಕಿ ನಾನು. ಬಾಗಲದಾಗ ನಿಂದ್ರಾಕಿ ನಾನು. ಅಲ್ಲಿ ಎರಡೂ ಕಡೆ ಬೇಲಿ, ಹಿಂದ ಬ್ಯಾರೆ ಹೋರಿಗಳು. ಇದು ಮುಂದ ಹೋಗಲಿಲ್ಲ ಅಂದ್ರ ಎಲ್ಲಿ ಬರತೈತಿ ಹೇಳು?”

ಅವನಿಗೆ ಉತ್ತರ ಗೊತ್ತಿತ್ತು. ದನದ ಕಿವಿ ಮನುಷ್ಯರ ಕಿವಿಗಿಂತ ಮೇಲಿನ ಚುರುಕು ಸ್ವರಗಳನ್ನು ಹೆಚ್ಚು ಹಿಡಿಯುತ್ತದೆ ಎಂದು ಪಶುವೈದ್ಯರೊಬ್ಬರು ಹಿಂದೊಮ್ಮೆ ಹೇಳಿದ್ದೂ ನೆನಪಾಯಿತು. ತನಗೆ ಬರೀ ಅಂಚು ಅನ್ನಿಸಿದ್ದು ಅದಕ್ಕೆ ಏನಾಗಿ ಕೇಳಿಸಿತೋ.

“ಸ್ವಿಚ್ಚು ಮ್ಯಾಲ ಇರತೈತಿ,” ಎಂದ. “ಮಾತು.”

“ಕೈ ಹಚ್ಚಂಗಿಲ್ಲ?”

“ಹಚ್ಚಂಗಿಲ್ಲ. ಟೇಪ್ ಸುತ್ತತೇನಿ ಬೇಕಾದ್ರ.”

ಅವನು ಟೇಪ್ ಸುತ್ತಿಯೇ ಬಿಟ್ಟ.

ಹಿರೇಕೆರೂರಿನ ಹೊರಗೆ, ಕಟಾವಾದ ಹೊಲದಲ್ಲಿ ಅಖಾಡ. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಬೇಲಿಯ ಎರಡೂ ಬದಿಗೆ ಜನ. ಮರದ ಮೇಲೆ ಜನ, ಲಾರಿಗಳ ಮೇಲೆ ಜನ. ಧ್ವನಿವರ್ಧಕದಲ್ಲಿ ಮೈಲಾರಲಿಂಗ ಎಂಬ ಕಮಿಟಿಯವನೊಬ್ಬ ಹೋರಿಗಳ ಹೆಸರು ಕೂಗುತ್ತ, ನಡುನಡುವೆ ಓಣಿಯಲ್ಲಿದ್ದವರಿಗೆ ಬೈಯುತ್ತಿದ್ದ. “ಏ ಕೆಂಪು ಅಂಗಿ! ನಿಮ್ಮಪ್ಪಗ ಒಬ್ಬಾವ ಮಗ ಅದೀ ನೀ. ಬೇಲಿ ಹತ್ತಲೇ!”

ಬಳಗದ ಟ್ರ್ಯಾಕ್ಟರ್ ಓಣಿಯ ಆ ತುದಿಯಲ್ಲಿ, ಮುಖವನ್ನು ಹೋರಿ ಬಿಡುವ ಬಾಗಿಲ ಕಡೆಗೆ ಮಾಡಿ ನಿಂತಿತ್ತು. ಬಾಕ್ಸುಗಳು ಸವಣೂರಿನ ದಿಲ್ಶಾದನವು. ಬಾಯಿ ತುಂಬ ತನ್ನೂರಿನ ವೀಳ್ಯದೆಲೆ ಹಾಕಿಕೊಂಡು ಅವನು ಆಂಪ್ಲಿಫೈಯರುಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ.

“ಮಾಸ್ತರ್, ಇಲ್ಲಿತನಕ ಗೆರಿ ಹಾಕೇನಿ ನೋಡ್ರಿ,” ಎಂದು ಸದ್ದು ಏರಿಸಿ ಇಳಿಸುವ ಜಾರುಗುಂಡಿಯ ಪಕ್ಕದ ಸುಣ್ಣದ ಗೆರೆ ತೋರಿಸಿದ. “ಇದರ ಮ್ಯಾಲ ಏರಿಸಬ್ಯಾಡ್ರಿ. ಏರಿಸಿದ್ರ ಈ ಕೆಂಪು ದೀಪ ಹತ್ತತಾವ. ಆಮ್ಯಾಗ ನನ್ನ ಡಬ್ಬಿ ಸತ್ತವು ಅಂತ ತಿಳ್ಕೊರಿ.”

“ನಾ ಮುಟ್ಟಂಗಿಲ್ಲ ದಿಲ್ಶಾದಭಾಯಿ. ಎರಡೂ ಕೈ ಗಿಟಾರಿನ ಮ್ಯಾಲ ಇರತಾವ.”

ಪೆಡಲನ್ನು ಕಾಲ ಬಳಿ ಇಟ್ಟು ಶರಣು ಬಾಗಿ ನೋಡಿದ. ಸ್ವಿಚ್ಚು ಮೇಲೆ, ಟೇಪ್ ಬಿಗಿಯಾಗಿ. ಮತ್ತೆ ನೋಡಿದ. ಅವನು ನಿಂತದ್ದು ಬಾಕ್ಸುಗಳ ಬೆನ್ನಿಗೆ. ಅಲ್ಲಿ ಕೇಳುವುದು ಬರೀ ಗುಡುಗು, ನೆಲದ ಅದುರು. ಚುರುಕು ಸ್ವರಗಳೆಲ್ಲ ಬಾಕ್ಸಿನ ಮುಖದಿಂದ ಮುಂದಕ್ಕೆ, ಓಣಿಯೊಳಗೇ ಹೋಗುತ್ತವೆ.

“ತಿಳವಳ್ಳಿ ಸಿಡಿಲು!” ಎಂದು ಮೈಲಾರಲಿಂಗ ಕೂಗಿದ.

ದೂರದ ಬಾಗಿಲಲ್ಲಿ ಅಕ್ಕನ ಹಸಿರು ಸೀರೆ ಕಂಡಿತು. ಹೋರಿಯ ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಜರಿ. ಶರಣು ನುಡಿಸಲು ಶುರು ಮಾಡಿದ. ಅಕ್ಕ ಹಗ್ಗ ಬಿಚ್ಚಿ ಬದಿಗೆ ಸರಿದಳು.

ಸಿಡಿಲು ಬಂತು. ಜನರ ಬೊಬ್ಬೆಯನ್ನು ನೀರಿನಂತೆ ಸೀಳಿಕೊಂಡು ತಲೆ ನೇರವಾಗಿಟ್ಟು ಬಂತು. ಮೊದಲು ಕೈ ಚಾಚಿದವನು ಬೇಲಿಗೆ ಬಿದ್ದ. ಎರಡನೆಯವನಿಗೆ ಗಾಳಿ ಮಾತ್ರ ಸಿಕ್ಕಿತು. ದಿಲ್ಶಾದ ಎಲೆ ಉಗುಳಿ, ನೋಡಲೆಂದು ಟ್ರೇಲರಿನ ಅಂಚಿಗೆ ಹೋದ.

“ಜನಕ್ಕ ಕೇಳವಲ್ದಲೇ!” ಎಂದು ಟ್ರೇಲರಿನ ಮೇಲೆ ಪಕ್ಕದಲ್ಲಿದ್ದ ಫಕ್ಕೀರೇಶ ಅರಚಿದ್ದು ಶರಣುವಿಗೆ ಅರ್ಧ ಮಾತ್ರ ಕೇಳಿತು. ಅವನ ಕಣ್ಣು ಹೋರಿಯ ಮೇಲಿತ್ತು. ಕಾಲಡಿಯ ಹಲಗೆ ಇದ್ದಕ್ಕಿದ್ದಂತೆ ಜೋರಾಗಿ ಅದುರಿತು.

ಓಣಿಯ ನಡುವೆ ಹೋರಿ ಮುಂಗಾಲು ನೆಟ್ಟಿತು. ಮಣ್ಣು ಎದ್ದಿತು. ಕಿವಿಗಳು ಹಿಂದಕ್ಕೆ ಹೋದವು.

ಶರಣು ಕೆಳಗೆ ನೋಡಿದ. ಸ್ವಿಚ್ಚು ಮೇಲೆಯೇ ಇತ್ತು. ಟೇಪ್ ಇದ್ದ ಹಾಗೆಯೇ ಇತ್ತು. ನುಡಿಸುವುದನ್ನು ಕೈ ನಿಲ್ಲಿಸಲಿಲ್ಲ. ತಲೆ ಮಾತ್ರ ಎಲ್ಲಿ ತಪ್ಪಿತೆಂದು ಹುಡುಕಿತು. ಪೆಡಲಿನಲ್ಲಿ ತಪ್ಪಿರಲಿಲ್ಲ. ಧಾಟಿಯಲ್ಲಿ ತಪ್ಪಿರಲಿಲ್ಲ.

ಆಮೇಲೆ ಅವನು ಪಕ್ಕಕ್ಕೆ ತಿರುಗಿದ. ದಿಲ್ಶಾದನ ಆಂಪ್ಲಿಫೈಯರುಗಳ ಮೇಲೆ ಕೆಂಪು ದೀಪಗಳು ಆರದೆ ಉರಿಯುತ್ತಿದ್ದವು. ಜಾರುಗುಂಡಿ ಗೆರೆ ದಾಟಿ ಮೇಲಿತ್ತು. ಅದರ ಮೇಲೆ ಫಕ್ಕೀರೇಶನ ಬೆರಳಿತ್ತು.

ಡಬ್ಬಿಯೊಳಗೆ ಅಂಗೈಯಿಂದ ಸವರಿ ಕಳಿಸಿದ ಸದ್ದನ್ನು ಈ ದೊಡ್ಡ ಯಂತ್ರಗಳು ತಮ್ಮ ಶಕ್ತಿ ಮುಗಿದಲ್ಲಿ ಕೋಲೆಳೆದು ಚಪ್ಪಟೆ ಮಾಡುತ್ತಿದ್ದವು. ಕಾಳಿನಷ್ಟು ಸಣ್ಣ ಡಯೋಡಿನ ಸ್ವಿಚ್ಚಿಗೆ ಟೇಪ್ ಸುತ್ತಿ ಅವನು ನಿಶ್ಚಿಂತನಾಗಿದ್ದ. ಅದೇ ಕತ್ತರಿ ಆಳೆತ್ತರದ ಬಾಕ್ಸುಗಳಿಂದ ಅಕ್ಕನ ಹೋರಿಯ ಮುಖಕ್ಕೆ ಹೊಡೆಯುತ್ತಿತ್ತು.

ಹೋರಿ ತಿರುಗಿತು. ಬಂದದ್ದಕ್ಕಿಂತ ಜೋರಾಗಿ ಬಾಗಿಲ ಕಡೆ ಓಡಿತು. ಓಣಿಯಲ್ಲಿದ್ದವರು ಬೇಲಿ ಹತ್ತಿದರು. ಬಾಗಿಲಲ್ಲಿ ಮುಂದಿನ ಹೋರಿಯ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದರು. ಹಸಿರು ಸೀರೆ ಮಾತ್ರ ಅಲ್ಲಾಡಲಿಲ್ಲ. ಅಕ್ಕ ಎರಡೂ ಕೈ ಎತ್ತಿ ನಿಂತಿದ್ದಳು. ಗುಂಡ, ಗುಂಡ ಎಂದು ಕರೆಯುತ್ತಿರಬೇಕು. ಬಾಯಿ ಆಡುತ್ತಿದ್ದುದು ಕಂಡಿತು.

ಹೋರಿ ಅವಳನ್ನು ಹಾಯಲಿಲ್ಲ. ಅವಳ ಪಕ್ಕದಿಂದ ನುಗ್ಗಲು ನೋಡಿತು. ಅಲ್ಲಿ ಜಾಗವಿರಲಿಲ್ಲ. ಅದರ ಭುಜ ಅವಳನ್ನು ಬಾಗಿಲ ಗೂಟಕ್ಕೆ ಒತ್ತಿತು. ಹಸಿರು ಸೀರೆ ಕೆಳಗಿಳಿದು ಹೋರಿಯ ಕಾಲುಗಳ ನಡುವೆ ಬಿತ್ತು.

ಶರಣು ಮೊಣಕೈಯಿಂದ ಫಕ್ಕೀರೇಶನನ್ನು ತಳ್ಳಿ ಜಾರುಗುಂಡಿಯನ್ನು ಬುಡಕ್ಕೆ ಎಳೆದ. ಕೆಂಪು ದೀಪಗಳು ಆರಿದವು. ಅವನಿಗೆ ಬೇರೇನೂ ತೋಚಲಿಲ್ಲ. ಓಡಿದರೆ ಮುಟ್ಟುವ ದೂರವಲ್ಲ ಅದು. ಗುಂಡಿಯನ್ನು ಕೂದಲಿನಷ್ಟು ಏರಿಸಿ, ಕೊಟ್ಟಿಗೆಯಲ್ಲಿ ನುಡಿಸುತ್ತಿದ್ದ ಹಾಗೆ, ಅಷ್ಟೇ ಮೆತ್ತಗೆ ಧಾಟಿ ನುಡಿಸಿದ.

ದೂರದಲ್ಲಿ ಹೋರಿ ತಲೆ ಎತ್ತಿತು. ಬಿದ್ದವಳ ಮೇಲೆ ಕಾಲು ಅಗಲಿಸಿ ನಿಂತು, ಕಿವಿಗಳನ್ನು ಸದ್ದಿನ ಕಡೆ ತಿರುಗಿಸಿತು. ಹೆಜ್ಜೆ ಕೀಳಲಿಲ್ಲ. ಬೇಲಿಯ ಕೆಳಗಿನಿಂದ ಯಾರೋ ಅಕ್ಕನ ಕಾಲು ಹಿಡಿದು ಆಚೆ ಎಳೆದುಕೊಳ್ಳುವವರೆಗೂ ಹಾಗೆಯೇ ನಿಂತಿತ್ತು.

ಆಮೇಲೆ ಜನ ಬಡಿಗೆ ಹಿಡಿದು ಬಂದರು. ಹಗ್ಗಗಳು ಬಿದ್ದವು. ಮುಖಕ್ಕೆ, ಬೆನ್ನಿಗೆ ಏಟು. ಯಾರೋ ಕೊಬ್ಬರಿ ಸರ ಹರಿದು ಮೇಲೆತ್ತಿ ಕುಣಿದ. ಶರಣುವಿನ ಬೆರಳುಗಳು ನಿಲ್ಲುವುದನ್ನು ಮರೆತಿದ್ದವು. ಏಟು ತಿನ್ನುತ್ತಿದ್ದ ಹೋರಿಗೆ ಅವನ ಮೆತ್ತನೆಯ ಧಾಟಿ ಕೊನೆಯವರೆಗೂ ಕೇಳಿಸುತ್ತಲೇ ಇತ್ತು. ದಿಲ್ಶಾದ ಬಂದು ಗಿಟಾರಿನ ವಾಯರು ಕಿತ್ತ.

“ಸಾಕು ಮಾಸ್ತರ್,” ಎಂದ. “ಸಾಕು ಮಾಡ್ರಿ.”

ಮುಂಗೈ ಎಲುಬು ಮುರಿದಿತ್ತು, ಪಕ್ಕೆಲುಬು ಸೀಳಿತ್ತು. ಭಾಗ್ಯಶ್ರೀ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಳು. ಶರಣು ಶಾಲೆಗೆ ರಜೆ ಹಾಕಿ ತಿಳವಳ್ಳಿಯಲ್ಲೇ ಉಳಿದ.

ಹೋರಿಗೆ ಗಾಯಗಳಿದ್ದವು, ದೊಡ್ಡವಲ್ಲ. ಆದರೆ ಕೊಟ್ಟಿಗೆಯ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಅಕ್ಕನ ಗಂಡ ಮೇವು ಹಾಕಲು ಹೋಗಿ ಬಾಗಿಲ ಪಟ್ಟಿ ಮುರಿಸಿಕೊಂಡು ಬಂದ. ವೀರವ್ವ ಈಗ ಅದನ್ನು ಅಳಿಯ ಎನ್ನುತ್ತಿರಲಿಲ್ಲ. “ಮಾರ್‍ರಿ ಅದನ್ನ,” ಎನ್ನುವಳು, ಕಟ್ಟೆಯಿಂದ ಇಳಿಯದೆ.

“ಅಂಜೇತಿ ಅತ್ತಿ ಅದು. ಸಿಟ್ಟಲ್ಲ, ಅಂಜಿಕಿ,” ಎನ್ನುವಳು ಭಾಗ್ಯಶ್ರೀ. ಎಡಗೈಯಿಂದ ಬಾಗಿಲ ಸಂದಿಯಲ್ಲಿ ಸೊಪ್ಪು ತೂರಿಸುವಳು. ಅವಳಿದ್ದರೆ ಮಾತ್ರ ಅದು ತಿನ್ನುತ್ತಿತ್ತು. ಆದರೆ ಮಧ್ಯಾಹ್ನದ ಹುರುಳಿಯನ್ನು ಗೋದಲಿಗೇ ಸುರಿಯಬೇಕು, ಒಳಗೆ ಹೋಗಲೇಬೇಕು.

ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ತಮ್ಮನನ್ನು ಕರೆದಳು.

“ನಿನ್ನ ಫೋನಿನ್ಯಾಗ ಹಳೇ ಧಾಟಿ ಐತಲ್ಲ? ಮೆತ್ತಗಿಂದು. ಸಣ್ಣಗ ಹಚ್ಚು, ನೋಡೂನು. ಅದಕ್ಕ ನೆನಪಾದ್ರ ನಾ ಒಳಗ ಹೊಕ್ಕೇನಿ.”

ಶರಣು ಬಾಗಿಲಿಂದ ದೂರ ನಿಂತು, ಸದ್ದನ್ನು ಪಿಸುಮಾತಿನಷ್ಟು ಇಳಿಸಿ ಹಚ್ಚಿದ. ಅದು ಹುರುಳಿಯ ಸದ್ದು, ಎಲ್ಲ ಮೂಲೆಗಳನ್ನೂ ಸವರಿದ್ದು.

ಹೋರಿಯ ಕಿವಿಗಳು ತಲೆಗೆ ಅಂಟಿದವು. ಅದು ಫೋನಿನ ಕಡೆ ನೋಡಲಿಲ್ಲ. ಬಕೆಟ್ಟಿನ ಕಡೆಯೂ ನೋಡಲಿಲ್ಲ. ತಲೆ ತಗ್ಗಿಸಿ ಅಕ್ಕನನ್ನು ನೋಡಿತು. ಕಣ್ಣಿನ ಬಿಳಿ ಕಂಡಿತು.

ಅವನು ತಟ್ಟನೆ ಬಂದ್ ಮಾಡಿದ. ಅವನಿಗೆ ಅರ್ಥವಾಯಿತು. ಅಕ್ಕನ ಮೇಲೆ ಕಾಲು ಅಗಲಿಸಿ ನಿಂತಾಗ, ಏಟು ಬೀಳುವಾಗ, ಅದರ ಕಿವಿಯಲ್ಲಿ ಇದ್ದದ್ದು ಈ ಮೆತ್ತನೆಯ ಧಾಟಿಯೇ. ಈಗ ಅದಕ್ಕೆ ಕತ್ತರಿಸಿದ್ದೂ ಒಂದೇ, ಸವರಿದ್ದೂ ಒಂದೇ.

“ಅಕ್ಕಾ, ಒಳಗ ಬ್ಯಾಡ.”

“ಸದ್ದಿಲ್ಲಂದ್ರ ಏನೂ ಮಾಡಂಗಿಲ್ಲ ಅದು. ಬೆಳಿಗ್ಗೆ ಹಣಿ ಮುಟ್ಟೇನಿ.” ಅವಳು ಬಕೆಟ್ಟನ್ನು ಎಡಗೈಗೆ ತೆಗೆದುಕೊಂಡು, ಪ್ಲಾಸ್ಟರ್ ಹಾಕಿದ ಕೈಯಿಂದ ಅಡ್ಡಪಟ್ಟಿ ಸರಿಸಿದಳು. “ಇದು ಹಸದ್ರ ಇನ್ನೂ ಕೆಡತೈತಿ. ನೀ ಬೀದಿ ಕಡೆ ನೋಡ್ಕೊ. ಯಾರರ ಬಂದ್ರ ಅಲ್ಲೇ ನಿಂದ್ರಸು.”

ಅವಳು ಗುನುಗುತ್ತ ಒಳಗೆ ಹೋದಳು. ಹೋರಿ ಸರಿದು ದಾರಿ ಬಿಟ್ಟಿತು. ಗೋದಲಿಗೆ ಹುರುಳಿ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅದು ಬಾಯಿ ಹಾಕಿತು. ದವಡೆ ಆಡಿತು. ಅಕ್ಕ ಗೋಡೆಗೆ ಒರಗಿ, ಎಡಗೈಯಿಂದ ಅದರ ಭುಜ ತಿಕ್ಕತೊಡಗಿದಳು. ಬಾಗಿಲಿಗೂ ಅವಳಿಗೂ ನಡುವೆ ಹೋರಿಯ ಪೂರ್ತಿ ಮೈ ಇತ್ತು.

ಅಂಗಳಕ್ಕೆ ಬೈಕೊಂದು ತಿರುಗಿತು. ಫಕ್ಕೀರೇಶ. ಹ್ಯಾಂಡಲಿಗೆ ಸೇಬಿನ ಚೀಲ ನೇತಾಡುತ್ತಿತ್ತು. ಅಖಾಡದ ಮರುದಿನದಿಂದ ಅವನು ಈ ಕಡೆ ಮುಖ ಹಾಕಿರಲಿಲ್ಲ. ಬೈಕು ಆರಿಸಿ, ತಲೆ ತಗ್ಗಿಸಿ ನಡೆದು ಬಂದ.

“ಮಾಸ್ತರ, ನಂದ ತಪ್ಪು. ಭಾಗ್ಯಕ್ಕನ ಕಾಲು ಹಿಡೀಬೇಕಂತ ಬಂದೇನಿ. ಎಲ್ಲಿ ಅದಾಳ?”

ಶರಣು ತುಟಿಯ ಮೇಲೆ ಬೆರಳಿಟ್ಟು ಮುಂದೆ ಬಂದ. “ಫೋನು,” ಎಂದು ಪಿಸುಗುಟ್ಟಿದ. “ಮೊದಲ ಫೋನು ಬಂದ್ ಮಾಡು.”

“ಹಾಂ?” ಎಂದ ಫಕ್ಕೀರೇಶ, ಜೇಬಿಗೆ ಕೈ ಹಾಕುತ್ತ.

ಅವನ ಕೈಯಲ್ಲೇ ಅದು ಹೊಡೆದುಕೊಂಡಿತು. ಇದೇ ಕೊಟ್ಟಿಗೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಕಡಕ್ ಧಾಟಿ. ಉಗುರಿನಷ್ಟು ಸ್ಪೀಕರಿನಿಂದ ಹೊರಬಂದದ್ದರಲ್ಲಿ ಗುಡುಗೇ ಇರಲಿಲ್ಲ, ಬರೀ ಅಂಚು. ಶರಣು ಅದನ್ನು ಕಸಿದು ನೀರಿನ ಬಾನಿಗೆ ಎಸೆದ. ಸದ್ದು ಬುಳುಕ್ಕೆಂದು ನಿಂತಿತು.

ಕೊಟ್ಟಿಗೆಯಲ್ಲಿ ದವಡೆಯ ಸದ್ದೂ ನಿಂತಿತ್ತು.

ಇಬ್ಬರೂ ತಿರುಗಿ ನೋಡಿದರು. ಹೋರಿ ಗೋದಲಿಯಿಂದ ತಲೆ ಎತ್ತಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅಕ್ಕನನ್ನು ಗೋಡೆಗೆ ಒತ್ತಿ ನಿಂತಿತ್ತು. ಅದರ ಮೈ ಸಣ್ಣಗೆ ನಡುಗುತ್ತಿತ್ತು. ಅಕ್ಕನ ಮುಖ ಮಾತ್ರ ಅದರ ಬೆನ್ನ ಮೇಲಿಂದ ಕಾಣುತ್ತಿತ್ತು. ಪಕ್ಕೆಲುಬಿನ ನೋವಿಗೆ ತುಟಿ ಕಚ್ಚಿದ್ದಳು.

“ಯಾರೂ ಅಲ್ಲಾಡಬ್ಯಾಡ್ರಿ,” ಎಂದಳು. ಗುನುಗುವ ದನಿಯಲ್ಲೇ ಹೇಳಿದಳು. “ಸುಮ್ಮನ ಬಿಟ್ರ ಸರೀತೈತಿ. ಹೌದಿಲ್ಲೋ ಗುಂಡಾ? ಸುಮ್ಮನ ಇರ್‍ರಿ. ಇನ್ನೊಂದು ಸದ್ದು ಆಗಬಾರದು.”

ಫಕ್ಕೀರೇಶ ಶರಣುವಿನ ತೋಳು ಹಿಡಿದು ಬೀದಿಯ ಕಡೆ ನೋಡಿದ.

“ಮಾಸ್ತರ,” ಎಂದ, ಕೇಳಿಸದಷ್ಟು ಸಣ್ಣಗೆ. “ಬಳಗದವ್ರು ಎಲ್ಲಾರೂ ಬರಾಕತ್ತಾರ. ಅಕ್ಕನ ಮಾತಾಡ್ಸಾಕ. ಎಲ್ಲಾರ ಫೋನಿನ್ಯಾಗೂ ಅದ ರಿಂಗ್‌ಟೋನ್ ಐತಿ.”

ಓಣಿಯ ತಿರುವಿನಲ್ಲಿ ಒಂದರ ಹಿಂದೆ ಒಂದು ಬೈಕುಗಳ ಸದ್ದು ಕೇಳಿಸಿತು. ಶರಣು ಚಪ್ಪಲಿ ಬಿಟ್ಟು, ಎರಡೂ ಕೈ ಮೇಲೆತ್ತಿ, ಬರಿಗಾಲಲ್ಲಿ ಬೀದಿಗೆ ಓಡಿದ.